ಸುಮ್ಮನೆ

ವಿಚಾರಣೆ ಹನ್ನೊಂದಕ್ಕೆ ಅಂದರು. ಈಗ ಹನ್ನೆರಡೂಕಾಲು.
ಔಷಧಿ ಉಗ್ರಾಣದ ಎದುರಿನ ಬೆಂಚಿನಲ್ಲಿ ಕೂತಿದ್ದೇನೆ.
ಹತ್ತೊಂಬತ್ತು ವರ್ಷ ನನ್ನ ಸೊಂಟದಲ್ಲಿದ್ದ ಬೀಗದ ಕೈ
ಇನ್ನೊಬ್ಬರ ಸೊಂಟದಲ್ಲಿ ಸದ್ದು ಮಾಡುತ್ತಿದೆ.
ಹೊರಗೆ ಮಿಷನ್ ರೋಡಿನ ಸಿಗ್ನಲ್ಲು
ಕೆಂಪಿನಲ್ಲೇ ಸಿಕ್ಕಿಕೊಂಡು, ಹಾರನ್ನುಗಳೆಲ್ಲ ಒಟ್ಟಿಗೆ
ಯಾರನ್ನೋ ಬೈಯುತ್ತಿವೆ; ಯಾರನ್ನೆಂದು ಅವಕ್ಕೂ ಗೊತ್ತಿಲ್ಲ.

ನಲವತ್ತೆರಡು ಸೀಸೆ ಇಂಜೆಕ್ಷನ್ನು.
ರಿಜಿಸ್ಟರಿನಲ್ಲಿರುವ ಸಹಿ ನನ್ನದೇ ಹಾಗಿದೆ,
ಸಾಲೋಮಿಯ 'ಮಿ'ಗೆ
ನಾನೆಂದೂ ಎಳೆಯದ ಬಾಲವೊಂದನ್ನು ಬಿಟ್ಟರೆ.
ಬಾಲ ತೋರಿಸಿದೆ.
'ಅವಸರದಲ್ಲಿ ಹಾಕಿರ್ತೀರಿ ಬಿಡಿ' ಅಂದರು
ವಿಚಾರಣಾಧಿಕಾರಿ, ಕನ್ನಡಕ ಒರೆಸುತ್ತ.

ಸಾಕ್ಷಿ ಹೇಳುವವಳು ನಳಿನಾಕ್ಷಿ.
ನನ್ನ ಡಬ್ಬಿಯ ಮುಚ್ಚಳದಲ್ಲೇ ಉಂಡವಳು,
ನಾಳೆ ಮೀನಿನ ಸಾರಾ ಅಂತ
ಹಿಂದಿನ ಸಂಜೆಯೇ ಕೇಳಿಕೊಂಡು ಹೋಗುತ್ತಿದ್ದವಳು.
ಇವತ್ತು ನನ್ನ ಕಡೆ ನೋಡಲಿಲ್ಲ,
ಗೋಡೆಯ ಕ್ಯಾಲೆಂಡರಿನ ಕುರಿಮರಿಯನ್ನು ನೋಡಿದಳು.

ಎಲ್ಲರದೂ ಒಂದೇ ಮಾತು: ಸುಮ್ಮನಿರಮ್ಮ.
ಅಣ್ಣ, ಪಾಸ್ಟರಯ್ಯ, ಯೂನಿಯನ್ನಿನ ಮರಿಗೌಡರು,
ಕೇಳದಿದ್ದರೂ ಆಟೋದವನು.

ಅಪ್ಪ ಇಲ್ಲೇ, ಎರಡು ಗೇಟಿನಾಚೆ ಇದ್ದ ಅಚ್ಚುಕೂಟದಲ್ಲಿ
ಮೊಳೆ ಜೋಡಿಸುತ್ತಿದ್ದರು. ಓದಿದ್ದು ಏಳನೇ ಕ್ಲಾಸು.
ಪಾದ್ರಿ ಶಾಲೆಯವರ ಹೀಬ್ರೂ ವ್ಯಾಕರಣ
ಅವರ ಕೈಯಲ್ಲೇ ಅಚ್ಚಾಯಿತು.
ಬಲದಿಂದ ಎಡಕ್ಕೆ ಓದೋ ಭಾಷೆ, ಸಾಲೋ,
ಸೀಸದಲ್ಲಿ ಮಾತ್ರ ನಮ್ಮ ಹಾಗೇ
ಎಡದಿಂದ ಬಲಕ್ಕೆ ನಡೆಯುತ್ತೆ, ಅನ್ನುತ್ತಿದ್ದರು.
ಹತ್ತಿಪ್ಪತ್ತು ಪದ ಬೆರಳಿಗೆ ಅಂಟಿಕೊಂಡಿದ್ದವು, ಮಸಿಯ ಹಾಗೆ.
ಅದರಲ್ಲೊಂದು: ಹಿನ್ನಾಮ್.
ಕಾಸು ಕೊಡದೆ ಸಿಕ್ಕಿದ್ದಕ್ಕೂ ಅದೇ, ಕಾರಣವಿಲ್ಲದ ಹಗೆಗೂ ಅದೇ.
ಆ ಜನ ದೇವರ ಮುಂದೆ ಗೋಳಿಡುವಾಗ ಬರುವ ಪದ.
ಕನ್ನಡದಲ್ಲಿ ಏನಂತಾರಪ್ಪ?
ಬೀಡಿ ಆರುವವರೆಗೆ ಯೋಚಿಸಿ ಅಂದರು: ಸುಮ್ಮನೆ.

ಸುಮ್ಮನೆ ಹೊರಿಸಿದರು. ಸುಮ್ಮನೆ ಇರು.
ಒಂದೇ ಪದ ನೋಡು ನಮ್ಮಲ್ಲಿ,
ಹೊಡೆತಕ್ಕೂ, ಹೊಡೆತ ತಿಂದವಳ ಬಾಯಿಗೂ.

ಆ ಹಳೆಯ ಪ್ರಾರ್ಥನೆಗಳಲ್ಲಿ ಯಾರೂ ಸುಮ್ಮನಿರಲಿಲ್ಲ.
ದೇವರ ಅಂಗಿ ಹಿಡಿದು ಜಗ್ಗಿದರು,
ಲೆಕ್ಕ ಕೊಡು ಅಂದರು, ಕೆಟ್ಟ ಕೆಟ್ಟ ಶಾಪ ಹಾಕಿದರು.
ನಾನೂ ರಾತ್ರಿ ಮೂರಕ್ಕೆ ನೀರು ಬಿಟ್ಟಾಗ ಎದ್ದು,
ಮೋಟರು ಹಾಕಿ, ಆ ಸದ್ದಿನ ಮರೆಯಲ್ಲಿ ಶುರುಮಾಡಿದೆ:
ಅವಳ ಡಬ್ಬಿಯಲ್ಲಿ ಅನ್ನ ಹಳಸಲಿ,
ಅವಳ ಹೆಸರು ಕರೆದಾಗ ನಾಲಿಗೆ ಹೊರಳದಿರಲಿ,
ಅವಳ ಮಗಳು

ಅಷ್ಟರಲ್ಲಿ ಟ್ಯಾಂಕು ತುಂಬಿ ಹರಿಯಿತು. ಓಡಿದೆ.
ಮಗಳ ಫೀಸಿಗೆ ಅವಳು ಸಾಲ ಮಾಡಿದ್ದು ಗೊತ್ತಿತ್ತು ನನಗೆ.
ಯಾರ ಹತ್ತಿರ ಅಂತಲೂ.

ಅಳುವ ಸಾಲು ಮುಗಿದು ಹೊಗಳುವ ಸಾಲು ಶುರುವಾಗುವಲ್ಲಿ
ಒಂದು ಖಾಲಿ ಇರುತ್ತದೆ. ಅಲ್ಲಿ ಏನಾಯಿತು, ಯಾರು ಬಂದರು,
ಬರೆದಿರುವುದಿಲ್ಲ. ಚಿಕ್ಕವಳಿದ್ದಾಗ ಕೇಳಿದ್ದೆ.
ಖಾಲಿ ಅಂದ್ರೆ ಏನೂ ಇಲ್ಲ ಅಂತಲ್ಲ ಮಗ,
ಅಲ್ಲೂ ಸೀಸ ಇಟ್ಟಿರ್ತೀನಿ. ಎತ್ತರ ಕಮ್ಮಿ, ಅದಕ್ಕೇ ಮಸಿ ತಾಗಲ್ಲ.
ಇಡದಿದ್ರೆ ಮೇಲಿನ ಸಾಲೇ ಕುಸಿದುಬೀಳುತ್ತೆ.

ಜವಾನ ಕರೆಯುತ್ತಾನೆ: ಸಾಲೋಮಿ ಸತ್ಯಾನಂದ.
ಎದ್ದೆ. ಬಾಲ ಮತ್ತೊಮ್ಮೆ ತೋರಿಸಬೇಕು.
ಮೊದಲು ನೀರು ಕೇಳಬೇಕು. ಗಂಟಲು ಒಣಗಿದೆ.