ಎಂಬತ್ತಾರು

ಬೆಟ್ಟವಲ್ಲ ಇದು,
ಬೆಟ್ಟವೆಲ್ಲ ಹತ್ತಿ ಮುಗಿದ ಮೇಲೆ ಸಿಗುವ ಬಯಲು.
ಬೊಲಿವಿಯಾದ ಧೂಳುಬಸ್ಸು ನನ್ನನ್ನಿಲ್ಲಿ ಇಳಿಸಿದ ದಿನ
ಚೀಲದೊಳಗಿನ ಚಿಪ್ಸಿನ ಪೊಟ್ಟಣ
ತಲೆದಿಂಬಿನಂತೆ ಉಬ್ಬಿ ಕೂತಿತ್ತು.
ಕುಗ್ಗಿದ್ದು ನಾನೊಬ್ಬಳೇ.
ಶಾಲೆಯ ಏಳು ಮೆಟ್ಟಿಲಿಗೆ ಮೂರು ಸಲ ನಿಂತೆ,
ಕೋಕಾ ಎಲೆ ಜಗಿದೆ.
ಸಾಂತಾಕ್ರೂಸಿನ ತಗ್ಗಿನವಳು ನೋಡು ಎಂದು
ಮಕ್ಕಳು ಆಯ್ಮಾರಾದಲ್ಲಿ ನಕ್ಕದ್ದು
ಅರ್ಥವಾಗದೆಯೂ ಅರ್ಥವಾಗಿತ್ತು.

ಇವತ್ತು ಒಲೆ ತರಗತಿಯ ನಟ್ಟನಡುವೆ.
ಒಣಗಿದ ಲಾಮಾ ಹಿಕ್ಕೆಯ ಬೆಂಕಿ,
ನೆಗ್ಗಿದ ಪಾತ್ರೆ, ಹನ್ನೊಂದು ಆಲೂಗಡ್ಡೆ,
ಶಾಲೆಗಿರುವ ಒಂದೇ ಥರ್ಮಾಮೀಟರು.
ಅದನ್ನು ಹಿಡಿಯಲು ಸರದಿ, ಸರದಿಗೆ ಜಗಳ.
ನೀರು ಕೊತಕೊತ ಅಂದಿತು.
ಎಂಬತ್ತಾರು, ಎಂದಳು ನೀಲ್ದಾ.
ಇನ್ನೂ ಉರಿ ಹಾಕಿ, ಎಂದ ರುಫೀನೋ.
ಹಾಕಿದೆವು. ಕಿಟಕಿಗೆ ಆವಿ ಕವಿದು
ಆಚೆಯ ಹಿಮಶಿಖರ ಅಳಿಸಿಹೋಯಿತು.
ಪಾದರಸ ಮಿಸುಕಲಿಲ್ಲ.

ಥರ್ಮಾಮೀಟರು ಕೆಟ್ಟಿದೆ ಎಂದರು ಅರ್ಧ ಮಂದಿ.
ಟೀಚರೇ ಕೆಟ್ಟಿರಬಹುದು, ಎಂದಿತು ಹಿಂದಿನ ಬೆಂಚು.
ರುಫೀನೋ ತೋಳು ಅಡ್ಡವಿಟ್ಟುಕೊಂಡು
ನೋಟುಬುಕ್ಕಿನಲ್ಲಿ ಬರೆದ: ನೂರು.
ಪರೀಕ್ಷೆಗೆ ಬರೋದು ಅದೇ ತಾನೇ?

ಪುಸ್ತಕದ ಬದನೆಕಾಯಿ ಬೇಯುವುದು ನೂರಕ್ಕೆ, ಮಗಾ.
ಆ ನೂರು ಕಡಲದಂಡೆಯ ಮಂದಿಯದು,
ನಮ್ಮ ದೇಶಕ್ಕೆ ಕಡಲೇ ಇಲ್ಲ.
ನಾನೂ ಕಂಡಿಲ್ಲ ಆ ನೂರನ್ನು,
ನಮ್ಮಮ್ಮನ ಅಡುಗೆಮನೆಯಲ್ಲೂ ತೊಂಬತ್ತೆಂಟೂವರೆ
ಎಂದೆಲ್ಲ ಹೇಳಬೇಕೆಂದಿದ್ದೆ.
ಉಸಿರು ಸಾಲಲಿಲ್ಲ.

ಅವರಪ್ಪ ಲಾಮಾಗಳಿಗೆ ಲಸಿಕೆ ಚುಚ್ಚುವ
ದಪ್ಪ ಸಿರಿಂಜು, ಸೂಜಿ ಕಳಚಿದ್ದು,
ಮೇಜಿನ ಮೇಲಿತ್ತು.
ತುಸು ಆರಿದ ನೀರನ್ನು ಕಾಲುಭಾಗ ಹೀರಿಸಿ
ಮೂತಿಗೆ ನನ್ನ ಹೆಬ್ಬೆರಳು ಒತ್ತಿ
ಹಿಡಿ ಅವನಿಗೆ ಕೊಟ್ಟೆ.
ಎಳಿ.

ಎಳೆದ.
ಒಲೆಯಿಲ್ಲ, ಉರಿಯಿಲ್ಲ,
ಅವನ ಮುಷ್ಟಿಯಲ್ಲೇ ನೀರು ಕುದಿಯಿತು.
ಬಿಟ್ಟ, ತೆಪ್ಪಗಾಯಿತು.
ಎಳೆದ, ಕುದಿಯಿತು.
ಹದಿನೇಳು ಸಲ. ನನ್ನ ಹೆಬ್ಬೆರಳು ಎಣಿಸಿತು.

ಏನೋ ಮೇಲಿಂದ ಅದುಮಿಕೊಂಡಿರುತ್ತೆ,
ಎಂದ ಕೊನೆಗೆ, ತನಗೆ ತಾನೇ.
ಇಲ್ಲಿ ಅದು ತೆಳು, ಎಂದಳು ನೀಲ್ದಾ,
ಅದಕ್ಕೇ ಅಜ್ಜಿ ಕತ್ತಲಲ್ಲೇ ಎದ್ದು ಒಲೆ ಹಚ್ಚೋದು.
ಹಿಂದಿನ ಬೆಂಚಿಗೆ ಬೇರೆಯೇ ಚಿಂತೆ:
ನಿಮ್ಮ ರಕ್ತ ಇಲ್ಲಿ ಬೇಗ ಕುದಿಯುತ್ತಾ, ಟೀಚರ್?

ರುಫೀನೋ ನೂರನ್ನು ಅಳಿಸಲಿಲ್ಲ.
ಕೆಳಗೆ ಸಣ್ಣಕ್ಷರದಲ್ಲಿ ಬರೆದ:
ಇಲ್ಲಿ, ಎಂಬತ್ತಾರು.
ಪರೀಕ್ಷೆಯಲ್ಲಿ ಯಾವುದು ಬರೆಯಲಿ ಎಂದು
ಕೇಳುತ್ತಾನೇನೋ ಎಂದು ಹೆದರಿ
ನಾನು ಉರಿ ಊದುತ್ತ ಕೂತೆ.

ಗಂಟೆ ಹೊಡೆಯಿತು.
ಫೋರ್ಕು ಚುಚ್ಚಿ ನೋಡಿದರೆ ಆಲೂಗಡ್ಡೆ
ನಡುವಿನಲ್ಲಿನ್ನೂ ಹಸಿ.
ಯಾರೂ ಮನೆಗೆ ಹೋಗಲಿಲ್ಲ.