ಏಣಿ ಮ್ಯಾಲಿಂದ ಞ

ಮಡಗಾಂವದಾಗ, ಹಳೇ ಮಾರ್ಕೆಟ್ಟಿನ ಹಿಂದ,
ಹಲ್ಲಿನ ಡಾಕ್ಟರ ಬಾಗಲಾ ಮ್ಯಾಲ ಏಣಿ ಹಚ್ಚಿದ್ದೆ.
ನೊರೊಞ ಅಂತ ಬರೀಬೇಕಿತ್ತು, ರೋಮಿ ಲಿಪ್ಯಾಗ.
ಎನ್ ಮುಗಿಸಿ ಎಚ್ಚಿನ ಮೊದಲನೇ ಕಾಲು ಎಳದಿದ್ದೆ,
ನೀಲಿ ಇನ್ನೂ ಹಸಿ.

ಕೆಳಗ ಒಬ್ಬಾಂವ ಬಂದು ನಿಂತ.
ಬಿಳೀ ಗಡ್ಡ, ಬಿಸಿಲಿಗೆ ಸುಲದ ಮೂಗು,
ಕೈಯಾಗ ಅರ್ಧ ತಿಂದ ಪಾವು.
"ಆ ಎರಡು ಅಕ್ಷರ ನಮ್ಮೂವು" ಅಂದ.
ಕಳುವಿನ ಮಾತಂತ ತಿಳದು ನಾ ಇಳದೆ.

ಹೆಸರು ಪೆಯ್ರೊತ್ ಕಸ್ತಾಞ.
ಫ್ರೆಂಚರಾ? ಅಂದೆ.
"ಪಾಸ್‌ಪೋರ್ಟಿಗೆ ಹೌದು, ನಾಲಿಗಿಗೆ ಅಲ್ಲ."
ಪಾಸ್‌ಪೋರ್ಟಿನಾಗ ಅವನ ಹೆಸರಿಗೆ ಜಿ ಮುಂದ ಎನ್ನು.
ಅಜ್ಜಿ ಬರದಿದ್ರ (ಆಕಿಗೆ ಯಾರೂ ಕಲಿಸಲಿಲ್ಲ)
ಎನ್ ಮುಂದ ಎಚ್ಚು.

ಸಾಲ್ಯಾಗ ಆಕಿ ಮನಿ ಮಾತು ಆಡಿದ್ದಕ್ಕ
ಕೊಳ್ಳಾಗ ಕಟಗಿ ಬೂಟು ಕಟ್ಟಿದ್ರಂತ.
ಸಂಜಿ ಒಳಗ ಅದನ್ನ ಇನ್ನೊಂದು ಕೊಳ್ಳಿಗೆ ದಾಟಿಸಬೇಕು,
ಗೆಳತಿ ಬಾಯಿ ಜಾರೂದನ್ನ ಕಾಯಬೇಕು.
ಆಕಿ ಕಾಯಲಿಲ್ಲ. ಹಾಕ್ಕೊಂಡ ಮನಿಗೆ ಬಂದ್ಲು.

ಚಾದಂಗಡ್ಯಾಗ ಕುಂತು, ಹರಕು ಇಂಗ್ಲಿಷು ಹರಕು ಕೊಂಕಣಿ ಹೊಲಕೊಂತ,
ಕೇಳಿದೆ: ನಿಮ್ಮ ಮಾತಿಗೆ ಹೆಸರೇನು?
ಒಕ್ ಅಂದ್ರ ಹೌದು. ಹೌದು ಅನ್ನಾವರ ಭಾಷಾ, ಅಂದ.
ಆದ್ರ ಕಮಿಟ್ಯಾಗ ಕುಂತ್ರ ಒಬ್ಬನೂ ಹೌದು ಅನ್ನೂದಿಲ್ಲ.

ಅಂವ ಹನ್ನೊಂದು ವರ್ಷ ಕುಂತಿದ್ದ.
ಹೆಣ್ಣು ಶಬ್ದದ ಕಡೀ ಸ್ವರ:
ಒಂದ ಕಣಿವ್ಯಾಗ ಅದು ಆ, ಮುಂದಿನ ಕಣಿವ್ಯಾಗ ಓ,
ಅವನ ಊರಾಗ ಬಾಯಿ ಪೂರಾ ತೆರಿಯೂದ ಇಲ್ಲ.
ಆ ಅಂತ ಬರೀರಿ, ಓದುವಾಗ ನಿಮ್ಮನಿದು ಓದ್ರಿ, ಅಂತ ಒಂದು ಪಂಗಡ.
ಅಂದದ್ದನ್ನ ಬರೀರಿ, ಅಂತ ಇನ್ನೊಂದು.
ಒಂದ ಮಧ್ಯಾಹ್ನ ಇಬ್ಬರು ಮುದುಕರು ಕೋಲು ಎತ್ತಿದ್ರು.
ಮರುವಾರ ಒಬ್ಬಾಂವ ಸತ್ತ.
ಅವನ ಗೋರಿಕಲ್ಲು ಫ್ರೆಂಚಿನಾಗ ಕೆತ್ತಿಸಿದ್ರು,
ಜಗಳ ಬ್ಯಾಡ ಅಂತ.

ನಾ ನಕ್ಕೆ. ಆಮ್ಯಾಲ ನಗಲಿಲ್ಲ.
ಕೊಂಕಣಿ ಬೋರ್ಡು ಅಂದ್ರ ನಾನೂ ಮೊದಲ ಕೇಳತೀನಿ:
ಯಾವ ಲಿಪಿ, ಯಾರ ಓಣಿ?
ನಾಗರಿ ಕೆಲವರಿಗೆ, ರೋಮಿ ಕೆಲವರಿಗೆ,
ಕಾರವಾರದ ಬಳಗಕ್ಕ ನಮ್ಮ ದುಂಡನ್ನ ಅಕ್ಷರ.
ಹೋದ ವರ್ಷ ಒಂದ ಹಾಲಿನ ಬೋರ್ಡು ಮೂರು ಸಲ ಬರದು ಅಳಿಸೀನಿ.
ಮೂರೂ ಸಲದ ರೊಕ್ಕ ಕೊಟ್ಟರು, ಸುಳ್ಳ್ಯಾಕ.
ನನ್ನ ಕನ್ನಡ ಬೈಲಹೊಂಗಲದ್ದು.
ವಾಸ್ಕೋದಾಗ ಹುಟ್ಟಿದ ಮಗಳು ಅದನ್ನ ತಿದ್ದತಾಳ,
ಮರಾಠಿ ಬೆರಿಸಿ.

ಆ ಜೋಡಿ ಅಕ್ಷರದ ಕತಿ?
ಅವರ ಹಾಡುಗಾರರ ಕಾಲದಾಗ
ಪೋರ್ಚುಗೀಸರು ಕಡಾ ಒಯ್ದಿದ್ದಂತ, ಎನ್ನಿಗೆ ಎಚ್ಚು ಕಟ್ಟೂದನ್ನ.
ಆ ಎಚ್ಚಿಗೆ ಸ್ವಂತ ಸದ್ದಿಲ್ಲ,
ಎನ್ನಿನ ಮೂಗು ಹಿಡಿಯೂದಷ್ಟ ಅದರ ಕೆಲಸ.
ಹಡಗು ಹತ್ತಿ ಬಂದು ಇಲ್ಲಿ ಹಲ್ಲಿನ ಬೋರ್ಡಿನ ಮ್ಯಾಲ ಕುಂತೈತಿ.
ಅವನ ಊರಾಗ ಅಂಗಡಿ ಬೋರ್ಡಿಗೆ ಅದು ಇನ್ನೂ ಹತ್ತಿಲ್ಲ.

ನಮ್ಮಲ್ಲಿ ಇದಕ್ಕ ಒಂದ ಅಕ್ಷರ, ಅಂದೆ.
ಚಾ ಚೆಲ್ಲಿದ ಟೇಬಲ್ ಮ್ಯಾಲ ಬೆರಳಿಂದ ಬರದೆ: ಞ.
ಚ ಛ ಜ ಝ ಆದಮ್ಯಾಲ ಒಂದ ಉಸಿರಿನಾಗ ದಾಟಿದ್ದು,
ಪಾಟಿ ಪುಸ್ತಕದಾಗ ಚಿತ್ರ ಇಲ್ಲದ ಮನಿ.
ಮೂವತ್ತೆರಡು ವರ್ಷದ ಕಸುಬಿನಾಗ
ಯಾರೂ ಅದನ್ನ ಬರಸಿಲ್ಲ.
"ಇದು ಯಾವ ಶಬ್ದದಾಗ ಬರತೈತಿ?"
ಹುಡುಕಿದೆ. ಜ್ಞಾನಕ್ಕ ನಾವು ಗ್ಯಾನ ಅಂತೀವಿ,
ಅಲ್ಲೂ ಅದು ಮಾತಾಡೂದಿಲ್ಲ.

ಅಷ್ಟರಾಗ ಚಾದಾಂವ ಕೂಗಿದ: ಇನ್ನೊಂದು?
ಹ್ಞೂಂ, ಅಂದೆ.

ಪೆಯ್ರೊತ್ ಕಪ್ಪು ಕೆಳಗಿಟ್ಟ.
"ಏನಂದಿ? ಇನ್ನೊಮ್ಮೆ ಅನ್ನು."

ಹೊಳ್ಳಿ ಬಂದು ಏಣಿ ಹತ್ತಿದೆ. ಎಚ್ಚಿನ ಒಂದ ಕಾಲು ಒಣಗಿತ್ತು.
ಇನ್ನೊಂದನ್ನ ಎಳದೆ.
ಡಾಕ್ಟರ ಬಾಯಿ ಹೊರಗ ಬಂದು, ಎರಡು ನೀಲಿ ಯಾಕ, ಅಂದ್ಲು.
ಬಿಸಿಲಿಗೆ ಒಂದ ಆಗತಾವ್ರಿ, ಅಂದೆ.

ಆಗಿಲ್ಲ. ಆ ಕಡೆ ಹೋದ್ರ ನೋಡ್ರಿ.