ಮುರಿದಂಚು

ಮಸ್ಜಿದ್ ಬಂದರಿನ ಗೋದಾಮಿನಲ್ಲಿ ಇಪ್ಪತ್ತೆಂಟು ವರ್ಷ
ಒಡೆದ ಬಸಿಗಳ ಲೆಕ್ಕ ಬರೆದವನು ನಾನು.
ಹುಲ್ಲು ತುಂಬಿದ ಪೆಟ್ಟಿಗೆ ಬಿಚ್ಚಿ, ಚೂರನ್ನು ಬೆಳಕಿಗೆ ಹಿಡಿದು,
ಇದು ಹಡಗಿನಲ್ಲಿ ಒಡೆದದ್ದು, ಇದು ಹಮಾಲನ ಕೈಯಲ್ಲಿ,
ಇದು ಮೊದಲೇ ಒಡೆದಿತ್ತು, ವಿಮೆಯವರೇ, ದುಡ್ಡು ಕೊಡಬೇಡಿ, ಎಂದು
ಕೆಂಪು ಶಾಯಿಯಲ್ಲಿ.
ಇಡಿಯಾದದ್ದರ ಬಗ್ಗೆ ನನ್ನನ್ನು ಯಾರೂ ಕೇಳಿರಲಿಲ್ಲ.

ಹಾಗಾಗಿ ಮಟನ್ ಸ್ಟ್ರೀಟಿನ ಶಬ್ಬೀರ್ ಕಾಚ್‌ವಾಲಾ ಫೋನು ಮಾಡಿ
"ಹೇರ್ಳೆ ಸಾಬ್, ಒಂದು ಬೊಂಬೆ ಬಂದಿದೆ, ವಿಚಿತ್ರವಾಗಿದೆ,
ನಿಮ್ಮ ಕಣ್ಣು ಬೇಕು" ಎಂದಾಗ
ಮೊದಲು ಕನ್ನಡಕ ಹುಡುಕಿದೆ.

ಗೇಣುದ್ದದ ಹೆಂಗಸು. ಬಿಳಿ; ಹಾಲಿನ ಬಿಳಿಯಲ್ಲ, ಗಂಜಿಯ ಬಿಳಿ.
ಚೀನೀ ನಿಲುವಂಗಿ, ತುಂಬುದೋಳು, ಸೆರಗಿಲ್ಲದ ಎದೆಯ ಮೇಲೆ ಮೋಡದ ಕಸೂತಿ,
ಎತ್ತಿ ಕಟ್ಟಿದ ತುರುಬಿಗೆ ಎರಡು ಕಡ್ಡಿ.
ಎಲ್ಲವೂ ಶಾಸ್ತ್ರಪ್ರಕಾರ.
ಆದರೆ ಅಂಗಿಯಂಚಿನ ಕೆಳಗೆ ಬರಿಗಾಲು.
ಎಡಗಾಲಿನ ಎರಡನೆಯ ಬೆರಳಲ್ಲಿ
ಸಾಸಿವೆಯಷ್ಟು ಉಬ್ಬು:
ಕಾಲುಂಗುರ.

ತಂದವರು ಪೆರಿನ್ ಚಿನಾಯ್. ಗ್ರಾಂಟ್ ರೋಡು, ಮೂರನೆಯ ಮಹಡಿ,
ಎಂಬತ್ತೆರಡು ವಯಸ್ಸು, ಲಿಫ್ಟಿಲ್ಲ.
"ನನ್ನ ಮುತ್ತಜ್ಜ ಕ್ಯಾಂಟನ್ನಿನಿಂದ ತಂದದ್ದು.
ನಮ್ಮ ಅಡ್ಡಹೆಸರೇ ನೋಡಿ, ಅದೂ ಸುಳ್ಳು ಹೇಳುತ್ತದೆಯೇ?"
ಅಡ್ಡಹೆಸರನ್ನು ತಿರುಗಿಸಿ ತಳ ನೋಡಲು ಬರುವುದಿಲ್ಲ.
ಬೊಂಬೆಯನ್ನು ತಿರುಗಿಸಿದೆ.

ತಳದಲ್ಲಿ ನೀಲಿಯ ಆರು ಗೀಟು. ಯಾವ ದೊರೆಯ ಮುದ್ರೆಯೂ ಅಲ್ಲ;
ಚೀನೀ ಬಾರದ ಕೈಯೊಂದು
ಚೀನೀ ಹೀಗಿರಬಹುದೆಂದು ಬರೆದದ್ದು.
ತಲೆಕೆಳಗೆ ಹಿಡಿದರೆ ಒಂದು ಗೀಟು
ನಮ್ಮ ತಲಕಟ್ಟಿನ ಹಾಗೆ ಕಂಡು ಎದೆ ಹಾರಿತು.
ಹಿಂದೆಯೇ ನಾಚಿಕೆ:
ಎದುರಿನ ಗಡಿಯಾರದಂಗಡಿಯ ತೆಲುಗು ಅಪ್ಪಲಸ್ವಾಮಿ ನೋಡಿದ್ದರೆ
ತನ್ನ ಅಕ್ಷರವೇ ಎಂದು ಆಣೆಯಿಡುತ್ತಿದ್ದ.

ಒಳಗೆ ಟೊಳ್ಳು. ಬೆರಳು ತೂರಿಸಿದರೆ
ಇನ್ನೊಬ್ಬರ ಹೆಬ್ಬೆರಳಿನ ಗುಳಿ ಸಿಕ್ಕಿತು,
ಅಚ್ಚಿಗೆ ಮಣ್ಣು ಒತ್ತಿದ ಗುಳಿ, ನನ್ನದಕ್ಕಿಂತ ಸಣ್ಣದು.
ಹೆಂಗಸೋ, ಹುಡುಗನೋ.
ಆವಿಗೆಯಲ್ಲಿ ಉಸಿರಾಡಲಿ ಎಂದು ಬೆನ್ನಲ್ಲಿ ಬಿಟ್ಟ ತೂತು,
ಅದರೊಳಗೊಂದು ಟ್ರಾಮ್ ಟಿಕೆಟ್ಟಿನ ಸುರುಳಿ.
ಶಬ್ಬೀರನ ಮುಖ ಅರಳಿತು. ಸಾಕ್ಷಿ!
"ನಾನೇ ತುರುಕಿದ್ದು" ಎಂದರು ಪೆರಿನ್. "ಗಣಿತದ ಪರೀಕ್ಷೆಗೆ ಮುಂಚೆ."

ಚಹಾ ಬಂತು. ಶಬ್ಬೀರ್ ನನ್ನ ಕಿವಿಯ ಹತ್ತಿರ ಬಗ್ಗಿ
"ನೂರೈವತ್ತು ವರ್ಷ ಎಂದು ಬರೆದುಬಿಡಿ, ದುಬೈನ ಗಿರಾಕಿ ಕಾಯುತ್ತಿದ್ದಾನೆ."
ಉಗುರಿನಿಂದ ತಟ್ಟಿದೆ. ಪಿಂಗಾಣಿಯಾದರೆ ಗಂಟೆ ಬಡಿದಂತೆ ನಿಲ್ಲಬೇಕು ನಾದ.
ಇದು ಠಕ್ ಎಂದಿತು,
ಬಾಗಿಲು ತೆರೆಯದೆ ಒಳಗಿನಿಂದಲೇ ಯಾರೋ
"ಯಾರು?" ಎಂದ ಹಾಗೆ.

ಮೆರುಗು ದಪ್ಪವಿದ್ದರೆ ಹಾಗೂ ಆಗುವುದುಂಟು. ಖಾತ್ರಿಯಿಲ್ಲ.
ಕೆನ್ನೆ ಸವೆದಿದೆ, ಅದು ಮುಟ್ಟಿದವರ ಲೆಕ್ಕ, ಮಾಡಿದವರದಲ್ಲ.
ಬಲಗೈಯ ಕಿರುಬೆರಳಿಲ್ಲ; ಗಾಯ ಹೊಗೆ ಕುಡಿದು
ಮೈಬಣ್ಣಕ್ಕೇ ತಿರುಗಿಬಿಟ್ಟಿದೆ.
"ಒಡೆದ ಅಂಚು ಸಿಕ್ಕರೆ ಹೇಳಬಹುದಿತ್ತು" ಎಂದೆ.
ಹಳೆಯ ಚಟ. ಪೆರಿನ್ ಬೊಂಬೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

ಆಮೇಲೆ, ಏನು ಯೋಚಿಸಿದರೋ,
ಕೈಚೀಲದಿಂದ ಬೆಂಕಿಪೊಟ್ಟಣ ತೆಗೆದರು.
ಹತ್ತಿಯಲ್ಲಿ ಮಲಗಿತ್ತು ಅಕ್ಕಿಕಾಳಿಗಿಂತ ತುಸು ದೊಡ್ಡ ಬೆರಳು.
"ಕೇಕಿ ಬೀಳಿಸಿದ್ದು. ನನ್ನ ತಮ್ಮ.
ಅಂಟಿಸುತ್ತೇನೆ, ಅಂಟಿಸುತ್ತೇನೆ ಅಂತಲೇ ಇದ್ದ.
ಅವನು ಹೋಗಿ ನಲವತ್ತು ವರ್ಷ."

ಮುರಿದಂಚು ನಿನ್ನೆ ಮುರಿದಷ್ಟು ಹಸಿ.
ಗೋದಾಮಿನಲ್ಲಿ ಮಾಡುತ್ತಿದ್ದಂತೆ
ನಾಲಿಗೆಯ ತುದಿಗೆ ಇಟ್ಟುಕೊಂಡೆ.
ದೊಡ್ಡ ಬೆಂಕಿ ಕಂಡ ಕ್ಯಾಂಟನ್ನಿನ ಮಣ್ಣು ಗಾಜಿನಂತೆ ಜಾರಿಬೀಳುತ್ತದೆ.
ಅರೆಬೆಂದದ್ದು, ಇಲ್ಲೇ ಎಲ್ಲೋ ಬೆಂದದ್ದು,
ಎಂಜಲನ್ನು ಹೀರಿಕೊಂಡು ಹಿಡಿದುಬಿಡುತ್ತದೆ.

"ಹೇಳಿ" ಎಂದರು, ಕಿವಿಯ ಯಂತ್ರ ಸರಿಮಾಡಿಕೊಳ್ಳುತ್ತ.
"ಎಲ್ಲಿಯದು? ಎಷ್ಟು ವರ್ಷ?"

ಬೆರಳು
ನಾಲಿಗೆಗೆ ಅಂಟಿಕೊಂಡಿತ್ತು.